ಎಲುಬಿಲ್ಲದ ನಾಲಿಗೆ, ಮುಳ್ಳಿರುವ ಮೀನು

ಕ್ಲಚ್ ಮೇಷ್ಟ್ರು ಅಂದರೆ ಆ ಊರಿನಲ್ಲಿ ಗೊತ್ತಿಲ್ಲದವರು ಇರಲಿಲ್ಲ. ಅವರ ನಿಜವಾದ ಹೆಸರು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು. ಇಪ್ಪತ್ತೆಂಟು ವರ್ಷದಿಂದ ಅವರು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಸ್ಕೂಲ್ ಅಂದರೆ ಪಂಕ್ಚರ್ ಅಂಗಡಿಗೆ ಅಂಟಿಕೊಂಡ ಒಂದು ಕೋಣೆ. ಅದರ ಗೋಡೆಯಲ್ಲಿ ಒಂದು ಸಂಚಾರ ಚಿಹ್ನೆಗಳ ಪಟ, ಬಿಸಿಲಿಗೆ ಬಣ್ಣ ಹೋಗಿ ಕೆಂಪು ದೀಪವೂ ಹಸಿರು ದೀಪವೂ ಒಂದೇ ಥರ ಕಾಣುತ್ತಿದ್ದವು. ಹೊರಗೆ ಒಂದು ಬಿಳಿಯ ಪುಟ್ಟ ಕಾರು. ಆ ಕಾರಿನಲ್ಲಿ ಕಲಿಯುವವರ ಕಾಲಡಿ ಮೂರು ಪೆಡಲು, ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲಡಿ ಎರಡು. ಊರಿನ ಅರ್ಧ ಜನ ಆ ಕಾರಿನಲ್ಲೇ ಓಡಿಸಲು ಕಲಿತವರು. ಉಳಿದರ್ಧ ಜನ ಅವರಿಗೆ ಹೆದರಿ ರಸ್ತೆ ದಾಟಲು ಕಲಿತವರು.

ಕಲಿಸುವುದರಲ್ಲಿ ಮೇಷ್ಟ್ರದು ಎತ್ತಿದ ಕೈ. ಲಾರಿ ಕ್ಲೀನರ್ ಆಗಿ ಶುರು ಮಾಡಿ, ಡ್ರೈವರ್ ಆಗಿ, ಸ್ವಂತ ಸ್ಕೂಲ್ ಮಾಡಿಕೊಂಡವರು. ಗಾಡಿಯ ನಾಡಿ ಅವರಿಗೆ ಗೊತ್ತು. ಆದರೆ ದಿನಕ್ಕೆ ಒಂಬತ್ತು ಗಂಟೆ "ಕ್ಲಚ್ ಒತ್ತಿ, ಕ್ಲಚ್ ಬಿಡಿ, ಕನ್ನಡಿ ನೋಡಿ, ನನ್ನ ಮುಖ ನೋಡಬೇಡಿ" ಎಂದು ಹೇಳಿ ಹೇಳಿ, ಮನೆಗೆ ಬಂದ ಮೇಲೂ ಆ ಬಾಯಿ ನ್ಯೂಟ್ರಲ್ಲಿಗೆ ಬೀಳುತ್ತಿರಲಿಲ್ಲ. ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದರೆ, "ಚಾಕು ಓರೆ ಹಿಡಿ." ಮಗಳು ಬಾಗಿಲು ಹಾಕಿದರೆ, "ಮೊದಲು ಹಿಡಿ ತಿರುಗಿಸು, ಆಮೇಲೆ ತಳ್ಳು." ಎಪ್ಪತ್ತೆಂಟು ವರ್ಷದ ತಾಯಿ ಮಾತ್ರೆ ನುಂಗುತ್ತಿದ್ದರೂ ಬಿಡುತ್ತಿರಲಿಲ್ಲ. "ಅಮ್ಮ, ನೀರು ಮೊದಲು ಬಾಯಿಗೆ. ಮಾತ್ರೆ ಆಮೇಲೆ."

"ನಿನಗೆ ಹಾಲು ಕುಡಿಸುವಾಗ ನಿನ್ನನ್ನ ಕೇಳಿ ಕುಡಿಸಿದ್ನೇನೋ?" ಎಂದು ಅಜ್ಜಿ ಮಾತ್ರೆಯನ್ನು ತನಗೆ ಬೇಕಾದ ಹಾಗೆಯೇ ನುಂಗುತ್ತಿದ್ದರು.

ರಾತ್ರಿಯೂಟವಂತೂ ಮೇಷ್ಟ್ರ ಪಾಠದ ಮುಂದುವರಿದ ಭಾಗ. ಅಂದು ಯಾರು ಗೇರ್ ತಪ್ಪು ಹಾಕಿದರು, ಯಾರು ಎಡ ಅಂದರೆ ಬಲಕ್ಕೆ ತಿರುಗಿಸಿದರು, ಅದಕ್ಕೆ ತಾವೇನಂದರು, ಅನ್ನಬೇಕಾಗಿದ್ದದ್ದು ಇನ್ನೇನಿತ್ತು. ಹೆಂಡತಿಯದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ಹಗಲೆಲ್ಲ ಕೆಂಪು ಪೆನ್ನು ಹಿಡಿದು ಪರರ ತಪ್ಪು ಹುಡುಕಿ ಬಂದವಳಿಗೆ, ಸಂಜೆ ತನ್ನ ತಪ್ಪುಗಳ ಪಟ್ಟಿ ಕೇಳುವ ಭಾಗ್ಯ. ಅವಳು ಹೂಂ ಅನ್ನುತ್ತಿದ್ದಳು. ಕಣ್ಣಿನ ಅಂಗಡಿಯಲ್ಲಿ ಕನ್ನಡಕ ಅಳವಡಿಸುವ ಕೆಲಸ ಮಾಡುವ ಮಗಳು ಏಳು ನಿಮಿಷದಲ್ಲಿ ಊಟ ಮುಗಿಸಿ ತನ್ನ ಕೋಣೆ ಸೇರುತ್ತಿದ್ದಳು. ಮೇಷ್ಟ್ರಿಗೆ ಇದು ಸಂಸಾರ ಸುಸೂತ್ರವಾಗಿ ಓಡುತ್ತಿರುವುದರ ಗುರುತು. ಎಲ್ಲೂ ಸದ್ದಿಲ್ಲ, ಜೋಲಿಯಿಲ್ಲ.

ಊಟದಲ್ಲಿ ಅವರಿಗೆ ಬೇಕಾದ್ದು ಮಾಂಸ. ಕುರಿಯದಾದರೆ ಒಳ್ಳೆಯದು, ಕೊಬ್ಬಿದ್ದರೆ ಇನ್ನೂ ಒಳ್ಳೆಯದು. ತರಕಾರಿ ತಟ್ಟೆಯ ಅಂಚಿಗೆ, ಮೀನು ಮನೆಯ ಹೊರಗೆ. ಒಂಬತ್ತನೇ ವಯಸ್ಸಿನಲ್ಲಿ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿ ಮೂರು ದಿನ ಒದ್ದಾಡಿದ ಮೇಲೆ ಅವರು ಮೀನಿನ ಸಹವಾಸ ಬಿಟ್ಟಿದ್ದರು.

ಹೀಗಿರುವಾಗ ಒಂದು ಮಂಗಳವಾರ ಬೆಳಿಗ್ಗೆ ಮೈದಾನದಲ್ಲಿ ಪಾಠ ನಡೆಯುತ್ತಿತ್ತು. ಸ್ಟೇರಿಂಗ್ ಹಿಡಿದಿದ್ದವಳು ಮಾರ್ಕೆಟ್ಟಿನ ಮೀನಿನವಳು. ಮುಂಜಾನೆ ಮೀನು ತರಲು ಬಾಡಿಗೆ ವ್ಯಾನಿನವನನ್ನು ಕಾದು ಕಾದು ಬೇಸತ್ತು, ತಾನೇ ವ್ಯಾನ್ ಓಡಿಸುತ್ತೇನೆ ಎಂದು ಹಟ ಹಿಡಿದು ಬಂದವಳು. ಅದು ಅವಳ ಮೂರನೇ ಪಾಠ. ಕಾರು ಕಪ್ಪೆಯ ಹಾಗೆ ಕುಪ್ಪಳಿಸುತ್ತಿತ್ತು. ಮೇಷ್ಟ್ರು "ಕ್ಲಚ್! ಕ್ಲಚ್!" ಎಂದು ಕೂಗುತ್ತಿದ್ದವರು ನಡುವೆ ನಿಲ್ಲಿಸಿದರು. ಎದೆಯ ಮೇಲೆ ಯಾರೋ ಟೈರ್ ಇಟ್ಟ ಹಾಗಾಗಿತ್ತು. ಹಣೆಯಲ್ಲಿ ಬೆವರು.

"ಏನಾಯ್ತು ಮೇಷ್ಟ್ರೇ? ಬಯ್ಯೋದು ನಿಲ್ಸಿಬಿಟ್ರಿ?"

"ಗ್ಯಾಸು," ಅಂದರು ಮೇಷ್ಟ್ರು.

ಮೀನಿನವಳು ಅವರ ಮುಖ ನೋಡಿದಳು. ದಿನವೂ ನೂರಾರು ಮೀನಿನ ಕಣ್ಣು ನೋಡಿ ತಾಜಾ ಯಾವುದು ಹಳತು ಯಾವುದು ಎಂದು ಹೇಳುವವಳು. "ಇದು ಗ್ಯಾಸ್ ಅಲ್ಲ," ಎಂದವಳೇ ಕಾರನ್ನು ಮೈದಾನದಿಂದ ರಸ್ತೆಗೆ ಇಳಿಸಿದಳು. ಅವಳಿಗೆ ಆಗ ಗೊತ್ತಿದ್ದದ್ದು ಫಸ್ಟ್ ಗೇರ್ ಒಂದೇ. ಎರಡು ಮೈಲಿ ದೂರದ ಆಸ್ಪತ್ರೆಗೆ ಫಸ್ಟ್ ಗೇರಿನಲ್ಲೇ ಹೋದಳು. ಹಿಂದೆ ಬಸ್ಸು, ಲಾರಿ, ಸೈಕಲ್ಲು ಎಲ್ಲ ಹಾರ್ನ್ ಹೊಡೆಯುತ್ತ, ಬಾಯಿಗೆ ಬಂದದ್ದು ಬೈಯುತ್ತ ಮೆರವಣಿಗೆ ಬಂದವು. ಮೇಷ್ಟ್ರು ಎದೆ ಹಿಡಿದುಕೊಂಡೇ "ಸೆಕೆಂಡಿಗೆ ಹಾಕಮ್ಮ, ಇಂಜಿನ್ ಸಾಯ್ತಿದೆ" ಅನ್ನುತ್ತಿದ್ದರು.

"ಇಂಜಿನ್ ಸತ್ರೆ ಇನ್ನೊಂದು ಸಿಗುತ್ತೆ, ಸುಮ್ನಿರಿ," ಅಂದಳು ಅವಳು.

ಆಸ್ಪತ್ರೆಯ ಹೃದಯದ ಡಾಕ್ಟರಮ್ಮ ಹನ್ನೆರಡು ವರ್ಷದ ಹಿಂದೆ ಇದೇ ಮೇಷ್ಟ್ರ ಶಿಷ್ಯೆ. ರಿವರ್ಸ್ ಪಾಠದಲ್ಲಿ ಒಂದೇ ಕಂಬಕ್ಕೆ ಮೂರು ಸಲ ಗುದ್ದಿ, "ಕಂಬ ನಿಮಗೇನು ಸಂಬಂಧಿಕರಾ?" ಎಂದು ಬೈಸಿಕೊಂಡವರು. ಮೇಷ್ಟ್ರು ಮಂಚದ ಮೇಲೆ ಮಲಗಿಕೊಂಡು, ಎದೆಗೆ ವೈರು ಅಂಟಿಸುತ್ತಿದ್ದ ನರ್ಸಿಗೆ ಯಾವ ವೈರು ಮೊದಲು ಅಂಟಿಸಬೇಕು ಎಂದು ಹೇಳಿಕೊಡುತ್ತಿದ್ದಾಗ ಡಾಕ್ಟರಮ್ಮ ಒಳಗೆ ಬಂದರು.

"ಮೇಷ್ಟ್ರೇ, ಇಲ್ಲಿ ಸ್ಟೇರಿಂಗ್ ನನ್ನ ಕೈಲಿದೆ. ಮಾತಾಡ್ಬೇಡಿ. ಉಸಿರು ಎಳ್ಕೊಳ್ಳಿ."

ಎರಡು ದಿನ ಇಟ್ಟುಕೊಂಡು ಎಲ್ಲ ಪರೀಕ್ಷೆ ಮಾಡಿದರು. ದೊಡ್ಡ ಅಪಾಯ ತಪ್ಪಿತ್ತು. ಆದರೆ ರಕ್ತದಲ್ಲಿ ಕೊಬ್ಬು ತುಂಬಿಕೊಂಡಿತ್ತು, ಒತ್ತಡ ಏರಿತ್ತು. ಡಾಕ್ಟರಮ್ಮ ಮೇಷ್ಟ್ರನ್ನೂ ಅವರ ಹೆಂಡತಿಯನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. "ಮಾತ್ರೆ ತಪ್ಪಿಸ್ಬೇಡಿ. ದಿನಾ ನಡೀಬೇಕು, ಕಾರಲ್ಲಿ ಅಲ್ಲ, ಕಾಲಲ್ಲಿ. ಕೊಬ್ಬಿನ ಮಾಂಸ ಬಿಡಿ. ಅದರ ಬದಲು ವಾರಕ್ಕೆ ಮೂರು ದಿನ ಮೀನು. ಎಣ್ಣೇಲಿ ಈಜಾಡಿಸ್ಬೇಡಿ, ಅದಕ್ಕೆ ನೀರಲ್ಲಿ ಈಜಿದ್ದೇ ಸಾಕು, ಬೇಯಿಸಿ ತಿನ್ನಿ."

"ಮೀನಾ?" ಮೇಷ್ಟ್ರ ಧ್ವನಿ ಒಂಬತ್ತು ವರ್ಷದ ಹುಡುಗನದಾಯಿತು. "ಬೇರೆ ದಾರಿ ಇಲ್ವೇನಮ್ಮ?"

"ಇದೆ. ಕಾಳು, ಸೊಪ್ಪು, ತರಕಾರಿ."

ಮೇಷ್ಟ್ರು ಮೀನಿಗೆ ಒಪ್ಪಿದರು.

ಮುಂದಿನ ವಾರ ಗುರುವಾರ ಸಂಜೆ ಮೊದಲ ಮೀನು ಮೇಜಿಗೆ ಬಂತು. ಅಜ್ಜಿಗೆ ಹಬ್ಬ, ಮಗನ ಹಟದಿಂದ ನಲವತ್ತೈದು ವರ್ಷ ಆ ಮನೆಯಲ್ಲಿ ಮೀನಿನ ವಾಸನೆ ಬಂದಿರಲಿಲ್ಲ. ಮೇಷ್ಟ್ರು ತಟ್ಟೆ ನೋಡಿದರು. ತಟ್ಟೆಯಲ್ಲಿದ್ದದ್ದು ಇವರನ್ನು ನೋಡಿತು. ಧೈರ್ಯ ತಂದುಕೊಳ್ಳಲು ಅವರಿಗೆ ಗೊತ್ತಿದ್ದ ಉಪಾಯ ಒಂದೇ, ಪಾಠ ಹೇಳುವುದು. ಒಂದು ತುತ್ತು ಬಾಯಿಗಿಟ್ಟು ಶುರು ಮಾಡಿದರು. "ಮೀನು ತಿನ್ನೋದರಲ್ಲಿ ಮುಖ್ಯವಾದ್ದು ಏನಪ್ಪಾ ಅಂದ್ರೆ—"

ಮುಖ್ಯವಾದ್ದು ಏನೆಂದು ಯಾರಿಗೂ ತಿಳಿಯಲಿಲ್ಲ. ಮೇಷ್ಟ್ರ ಕಣ್ಣು ದೊಡ್ಡದಾಯಿತು, ಕೈ ಗಂಟಲಿಗೆ ಹೋಯಿತು. ಕೆಮ್ಮಿದರು, ಕ್ಯಾಕರಿಸಿದರು, ಬಾಯಿಯೊಳಗೆ ಬೆರಳು ಹಾಕಿದರು. ಮಗಳು ನೀರು ತಂದಳು, ಹೆಂಡತಿ ಬೆನ್ನು ಗುದ್ದಿದಳು. ಕೊನೆಗೆ ಮಗಳು ಕನ್ನಡಕ ರಿಪೇರಿ ಮಾಡುವ ಸಣ್ಣ ಚಿಮಟ ತಂದು, ಟಾರ್ಚ್ ಹಿಡಿದು, ಕೂದಲೆಳೆಯಂಥ ಮುಳ್ಳನ್ನು ನಾಲಿಗೆಯ ಬುಡದಿಂದ ಎಳೆದು ತೆಗೆದಳು.

ಅಜ್ಜಿ ಈ ಗದ್ದಲದ ನಡುವೆಯೂ ತಮ್ಮ ಮೀನು ಮುಗಿಸಿದ್ದರು. ತಟ್ಟೆಯಲ್ಲಿ ಬೆನ್ನುಮೂಳೆ ಬಾಚಣಿಗೆಯ ಹಾಗೆ ಇಡಿಯಾಗಿ ಮಲಗಿತ್ತು. "ನಾಲಿಗೆಗೆ ಎಲುಬಿಲ್ಲ ಅಂತ ಎಲ್ಲಿ ಬೇಕಾದರೂ ಹೊರಳಿಸ್ತೀಯ," ಅಂದರು. "ಮೀನಿಗೆ ಎಲುಬಿದೆ ಕಣೋ. ಮೀನು ತಿನ್ನೋವಾಗ ಬಾಯಿಗೆ ಒಂದೇ ಕೆಲಸ ಕೊಡು. ಇಲ್ಲಾ ತಿನ್ನು, ಇಲ್ಲಾ ಮಾತಾಡು."

ಮೇಷ್ಟ್ರು ಹೆದರಿದ್ದರು. ಬಾಯಿ ಮುಚ್ಚಿ, ಒಂದೊಂದೇ ಎಸಳು ಬಿಡಿಸಿ, ನಾಲಿಗೆಯ ತುದಿಯಿಂದ ತಡವಿ ತಡವಿ ತಿನ್ನತೊಡಗಿದರು. ಅಡುಗೆಮನೆಯಲ್ಲಿ ಫ್ರಿಜ್ಜಿನ ಗುಂಯ್ ಸದ್ದು ಕೇಳಿಸಿತು. ಆ ಫ್ರಿಜ್ಜು ಸದ್ದು ಮಾಡುತ್ತದೆ ಎಂಬುದು ಮೇಷ್ಟ್ರಿಗೆ ಅಂದೇ ಗೊತ್ತಾದದ್ದು.

ಸ್ವಲ್ಪ ಹೊತ್ತಾದ ಮೇಲೆ ಹೆಂಡತಿ, ಯಾರಿಗೂ ಅಲ್ಲ ಎಂಬಂತೆ, ಅಂದಳು. "ಇವತ್ತು ಪ್ರೆಸ್ಸಲ್ಲಿ ಒಂದು ಮದುವೆ ಕಾರ್ಡು ಬಂದಿತ್ತು. 'ನಿಮ್ಮ ಆಗಮನವೇ ನಮಗೆ ಉಡುಗೊರೆ' ಅಂತ ಇರಬೇಕಾಗಿತ್ತು. ಕಂಪೋಸ್ ಮಾಡಿದವನು 'ನಿಮ್ಮ ಅವಮಾನವೇ ನಮಗೆ ಉಡುಗೊರೆ' ಅಂತ ಹೊಡೆದಿದ್ದ. ಎಂಟುನೂರು ಕಾರ್ಡು ಮೆಷಿನ್ನಿಗೆ ಹೋಗೋ ಹೊತ್ತಿಗೆ ನಾನು ಹಿಡಿದೆ."

ಮಗಳು ಕಿಸಕ್ಕನೆ ನಕ್ಕಳು. "ಬಿಡ್ಬೇಕಿತ್ತಮ್ಮ. ಕೆಲವು ಮದುವೇಲಿ ಅದೇ ಸರಿ." ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮೇಷ್ಟ್ರಿಗೆ ಈ ವಿಷಯದಲ್ಲಿ ಹೇಳುವುದಕ್ಕೆ ಕಡಿಮೆಯೆಂದರೆ ಆರು ಮಾತಿತ್ತು. ಆದರೆ ಬಾಯಲ್ಲಿ ಎರಡು ಮುಳ್ಳಿತ್ತು. ಉಗುಳಲೂ ಆಗದೆ ನುಂಗಲೂ ಆಗದೆ ಅವರು ಮೂಗಿನಿಂದ ನಕ್ಕರು.

ಅಲ್ಲಿಂದ ಮುಂದೆ ಮಂಗಳವಾರ, ಗುರುವಾರ, ಶನಿವಾರ ಮೀನಿನ ದಿನವಾಯಿತು. ಹೆಂಡತಿಯೇ ಪ್ರೆಸ್ಸಿನಿಂದ ಬರುವಾಗ ಮಾರ್ಕೆಟ್ಟಿಗೆ ಹೋಗಿ ತರುತ್ತಿದ್ದಳು. ಬೆರಳುದ್ದದ, ಬೆಳ್ಳಿ ಬಣ್ಣದ, ಮೈಯೆಲ್ಲ ಮುಳ್ಳೇ ಆದ ಮೀನು. ತಿನ್ನಲು ಮುಕ್ಕಾಲು ಗಂಟೆ ಬೇಕು. ಆ ಮುಕ್ಕಾಲು ಗಂಟೆಯಲ್ಲಿ ಮೇಷ್ಟ್ರು ಏನೇನೋ ಕೇಳಿಸಿಕೊಂಡರು. ಹೆಂಡತಿಗೆ ಪ್ರೆಸ್ಸಿನಲ್ಲಿ 'ಕಾಗುಣಿತದ ಪೊಲೀಸು' ಎಂಬ ಅಡ್ಡಹೆಸರಿತ್ತು. ಅಜ್ಜಿಗೆ ಕೆಳಗಿನ ಮನೆಯ ಮುದುಕರೊಬ್ಬರು ದಿನಾ ಪೇಪರ್ ಓದಿ ಹೇಳುತ್ತಿದ್ದರು. ಅವರು ಓದುವುದು ಸರಿಯಿಲ್ಲ, ಆದರೆ ಧ್ವನಿ ಚೆನ್ನಾಗಿದೆ ಎಂಬುದು ಅಜ್ಜಿಯ ಅಭಿಪ್ರಾಯ. ತಮ್ಮ ಮನೆಯಲ್ಲಿ ಇಷ್ಟೊಂದು ಸಮಾಚಾರ ಇದೆ ಎಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಮೀನಿಲ್ಲದ ದಿನ ಅವರು ಮತ್ತೆ ಮಾತಾಡುತ್ತಿದ್ದರು. ಆ ದಿನ ಮಗಳ ಊಟ ಮತ್ತೆ ಏಳು ನಿಮಿಷ.

ಎರಡನೇ ತಿಂಗಳ ಒಂದು ಶನಿವಾರ. ಆ ದಿನದ ಮೀನಿನಲ್ಲಿ ಮಾಂಸಕ್ಕಿಂತ ಮುಳ್ಳೇ ಹೆಚ್ಚಾಗಿತ್ತು. ಮೇಷ್ಟ್ರು ದೊಡ್ಡ ತುತ್ತೊಂದನ್ನು ಬಾಯಿಗೆ ಹಾಕಿಕೊಳ್ಳುವುದನ್ನೇ ಕಾದಿದ್ದಳೇನೋ, ಮಗಳು ತಟ್ಟೆ ನೋಡುತ್ತ ಹೇಳಿದಳು. "ಅಪ್ಪ, ನಾನು ಡ್ರೈವಿಂಗ್ ಕಲಿತೆ. ಲೈಸೆನ್ಸೂ ಬಂತು."

ಮೇಷ್ಟ್ರ ಹುಬ್ಬು ಮೇಲೆ ಹೋಯಿತು. ಆರು ವರ್ಷದಿಂದ ಕಲಿ ಕಲಿ ಎಂದರೂ ಒಲ್ಲೆ ಅಂದವಳು!

"ಸೇತುವೆ ಪಕ್ಕದ ಸ್ಕೂಲಲ್ಲಿ."

ಸೇತುವೆ ಪಕ್ಕದ ಸ್ಕೂಲು ಮೇಷ್ಟ್ರ ಬದ್ಧ ವೈರಿಯದು. ಅವರ ಶಿಷ್ಯನೇ ಅವರಿಗೆ ತಿರುಮಂತ್ರ ಹಾಕಿ ತೆರೆದ ಸ್ಕೂಲು. ಮೇಷ್ಟ್ರ ಮುಖ ಕೆಂಪಾಯಿತು, ಕಿವಿ ಕೆಂಪಾಯಿತು. ಬಾಯಿ ತೆರೆಯುವಂತಿಲ್ಲ. ಒಂದು ಮುಳ್ಳು ತೆಗೆದರು. ಇನ್ನೊಂದು. ಮಗಳು ನಿಲ್ಲಿಸದೆ ಮುಂದುವರಿಸಿದಳು. "ಮೋಸ ಮಾಡ್ಬೇಕು ಅಂತ ಅಲ್ಲಪ್ಪ. ನಿಮ್ಮಷ್ಟು ಚೆನ್ನಾಗಿ ಅವನಿಗೆ ಕಲಿಸೋಕೆ ಬರಲ್ಲ, ಅದು ನಿಜ. ಆದರೆ ನಿಮ್ಮ ಪಕ್ಕ ಕೂತ್ರೆ ನನಗೆ ಉಸಿರಾಡಿದ್ದೂ ತಪ್ಪು ಅನ್ಸುತ್ತೆ."

ಮೂರನೇ ಮುಳ್ಳು. ನಾಲ್ಕನೆಯದು. ಬೈಗುಳ ಗಂಟಲವರೆಗೆ ಬಂದು ಅಲ್ಲೇ ಕಾಯುತ್ತಿತ್ತು. ಏಳನೇ ಮುಳ್ಳು ತೆಗೆಯುವ ಹೊತ್ತಿಗೆ ಅದಕ್ಕೂ ಕಾದು ಕಾದು ಸಾಕಾಗಿತ್ತು. ಬಾಯಿ ಖಾಲಿಯಾದಾಗ ಮೇಷ್ಟ್ರು ಕೇಳಿದ್ದು ಇಷ್ಟೇ.

"ರಿವರ್ಸ್ ಬರುತ್ತಾ?"

"ಬರುತ್ತೆ."

"ಹ್ಞೂಂ," ಅಂದು ಇನ್ನೊಂದು ಮೀನು ಹಾಕಿಸಿಕೊಂಡರು. ಆ ದಿನ ಅವರಿಗೆ ಯಾವ ರುಚಿಯೂ ಗೊತ್ತಾಗಲಿಲ್ಲ. ಮಲಗಿದ ಮೇಲೂ 'ಉಸಿರಾಡಿದ್ದೂ ತಪ್ಪು' ಎಂಬ ಮಾತು ಗಂಟಲಲ್ಲಿ ಆಡುತ್ತಿತ್ತು, ಚಿಮಟಕ್ಕೂ ಸಿಗದೆ.

ಮುಂದಿನ ಸೋಮವಾರ ಮೀನಿನವಳ ಪಾಠ. ಈಗ ಅವಳು ನಾಲ್ಕನೇ ಗೇರಿನವರೆಗೆ ಬಂದಿದ್ದಳು. ರಸ್ತೆ ಖಾಲಿಯಿತ್ತು, ಅವಳಿಗೆ ಮಾತಾಡುವ ಹುಮ್ಮಸ್ಸು ಬಂತು.

"ಮೇಷ್ಟ್ರೇ, ಒಂದು ಮಾತು ಕೇಳ್ಲಾ? ನಿಮ್ಮ ಮನೆಯವರಿಗೆ ಮುಳ್ಳು ಅಂದ್ರೆ ಅಷ್ಟು ಇಷ್ಟಾನಾ?"

"ಯಾಕೆ?"

"ಎಲ್ಲರೂ ಮುಳ್ಳು ಕಮ್ಮಿ ಇರೋದು ಕೊಡು ಅಂತಾರೆ. ನಿಮ್ಮ ಮನೆಯವರೊಬ್ಬರೇ ಮುಳ್ಳು ಜಾಸ್ತಿ ಇರೋದು ಆರಿಸ್ಕೊಂಡು ತಗೊಳ್ಳೋದು. ನಾನಂದೆ, ಅಕ್ಕಾ, ಒಂಟಿಮುಳ್ಳಿನ ಮೀನೂ ಇದೆ, ಅದೂ ಹೃದಯಕ್ಕೆ ಒಳ್ಳೇದೇ, ಬೇಕಾದರೆ ನಾನೇ ಬಿಡಿಸಿ ಕೊಡ್ತೀನಿ. ಬೇಡ, ಹೃದಯಕ್ಕೆ ಇದೇ ಒಳ್ಳೇದು ಅಂದ್ರು." ಅವಳು ಗೇರ್ ಬದಲಿಸಿದಳು. "ಯಾರ ಹೃದಯಕ್ಕೆ ಅಂತ ಹೇಳ್ಲಿಲ್ಲ."

ಮೇಷ್ಟ್ರ ಕಾಲು ತನ್ನಷ್ಟಕ್ಕೆ ಬ್ರೇಕ್ ಒತ್ತಿತು. ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಂತಿತು.

"ಅಯ್ಯೋ, ನಾನೇನು ತಪ್ಪು ಮಾಡ್ದೆ?"

"ನೀನಲ್ಲಮ್ಮ," ಅಂದರು ಮೇಷ್ಟ್ರು. "ಹೋಗು."

ಒಳಗೊಳಗೇ ಕುದಿದುಹೋದರು. ಕಟ್ಟಿಕೊಂಡವಳೇ ಮುಳ್ಳು ಹಾಕಿ ಬಾಯಿಗೆ ಬೀಗ ಜಡಿದಳೇ! ಎರಡು ತಿಂಗಳು ತಾವು ಪ್ರಾಣ ಕೈಯಲ್ಲಿ ಹಿಡಿದು ತಿಂದದ್ದೆಲ್ಲ ಇದಕ್ಕೇನು? ಮಾರನೇ ದಿನ ತಾವೇ ಮಾರ್ಕೆಟ್ಟಿಗೆ ಹೋದರು. ಒಂಟಿಮುಳ್ಳಿನ ದೊಡ್ಡ ಮೀನು ಕೊಂಡು, ಆ ಒಂದು ಮುಳ್ಳನ್ನೂ ತೆಗೆಸಿ, ಮನೆಗೆ ತಂದು ಹೆಂಡತಿಯ ಮುಂದೆ ಇಟ್ಟರು. ಅವಳು ಪೊಟ್ಟಣ ಬಿಚ್ಚಿ ನೋಡಿದಳು. ಹಾಗೇ ಒಳಗೆ ಒಯ್ದು ಬೇಯಿಸಿದಳು.

ಮೇಜಿನಲ್ಲಿ ಎಲ್ಲರೂ ಕೂತರು. ಮೀನು ಬೆಣ್ಣೆಯ ಹಾಗಿತ್ತು. ಒಂದು ಮುಳ್ಳಿಲ್ಲ, ಒಂದು ತಡೆಯಿಲ್ಲ. ಮೇಷ್ಟ್ರು ಎರಡು ತಿಂಗಳ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸುವವರ ಹಾಗೆ ಗಂಟಲು ಸರಿ ಮಾಡಿಕೊಂಡರು. "ಈಗ ನೋಡಿ, ನಾನು ಹೇಳೋದು ಏನಂದ್ರೆ..."

ಆ ಮಾತು ಕೇಳಿದ್ದೇ ತಡ, ಮೇಜಿನ ಸುತ್ತ ಒಂದು ಬದಲಾವಣೆಯಾಯಿತು. ಹೆಂಡತಿ ಕಣ್ಣು ತಗ್ಗಿಸಿ, ಕರಡು ಓದುವವಳ ಹಾಗೆ ತಟ್ಟೆಯನ್ನು ಓದತೊಡಗಿದಳು. ಮಗಳ ಕೈ ಚುರುಕಾಯಿತು. ಅವಳು ನುಂಗುತ್ತಿದ್ದಳು, ಅಗಿಯುತ್ತಿರಲಿಲ್ಲ. ಅಜ್ಜಿ ಕಿವಿಯ ಯಂತ್ರ ತೆಗೆದು ಲೋಟದ ಪಕ್ಕ ಇಟ್ಟರು.

ಮೇಷ್ಟ್ರು ಅಷ್ಟು ವರ್ಷ ಕನ್ನಡಿ ನೋಡಿ, ಕನ್ನಡಿ ನೋಡಿ ಎಂದು ಊರಿಗೆಲ್ಲ ಹೇಳಿದವರು. ಮೂರು ಮುಖಗಳನ್ನೂ ಒಂದೊಂದಾಗಿ ನೋಡಿದರು.

"ಹೇಳೋದು ಏನಂದ್ರೆ," ಅಂದರು, "ಮೀನು ಚೆನ್ನಾಗಿದೆ."

ಆಮೇಲೆ ಏನೂ ಹೇಳಲಿಲ್ಲ. ಮುಳ್ಳಿಲ್ಲದ ಮೀನನ್ನು ಸುಮ್ಮನೆ ತಿನ್ನುವುದು ಎಷ್ಟು ಕಷ್ಟ ಎಂದು ಅವರಿಗೆ ಅಂದು ಗೊತ್ತಾಯಿತು. ಎರಡು ಸಲ ತುಟಿ ಬಿಚ್ಚಿತು, ಎರಡು ಸಲವೂ ತಾವೇ ಮುಚ್ಚಿದರು. ಹತ್ತು ನಿಮಿಷ ಕಳೆದರೂ ಮಗಳು ಎದ್ದಿರಲಿಲ್ಲ. ಅನುಮಾನದಿಂದ ಅಪ್ಪನ ಗಂಟಲನ್ನೇ ನೋಡುತ್ತ, "ಚಿಮಟ ತರ್ಲಾಪ್ಪ?" ಎಂದು ಕೇಳಿದಳು.

ಗುರುವಾರ ಸಂಜೆ ಮೇಷ್ಟ್ರು ಪಾಠ ಬೇಗ ಮುಗಿಸಿ ನಡೆದೇ ಮಾರ್ಕೆಟ್ಟಿಗೆ ಹೋದರು. ಮೀನಿನ ಸಾಲಿನಲ್ಲಿ ನೆಲವೆಲ್ಲ ಒದ್ದೆ, ಮಂಜುಗಡ್ಡೆ ಒಡೆಯುವ ಸದ್ದು. ಮೀನಿನವಳು ಅವರನ್ನು ಕಂಡು ಚಾಕು ಕೈಗೆತ್ತಿಕೊಂಡಳು. "ಮೊನ್ನೆಯದೇನಾ ಮೇಷ್ಟ್ರೇ? ಬಿಡಿಸಿ ಕೊಡ್ಲಾ?"

ಮೇಷ್ಟ್ರು ಅತ್ತಿತ್ತ ನೋಡಿ, ಧ್ವನಿ ತಗ್ಗಿಸಿ ಹೇಳಿದರು. "ಅದು ಬೇಡ. ನಿನ್ನ ಹತ್ರ ಅತಿ ಮುಳ್ಳಿಂದು ಯಾವುದಿದೆಯೋ ಅದನ್ನ ಕೊಡು. ನನ್ನ ಕೈಲಿ ಅದಿಲ್ದೆ ಆಗಲ್ಲ."

ಮೀನಿನವಳು ಮೇಷ್ಟ್ರ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಳು. ಮೇಷ್ಟ್ರು ತಿರುಗಿದರು. ಹೆಂಡತಿ ಕಂಕುಳಲ್ಲಿ ಕರಡಿನ ಕಟ್ಟು ಹಿಡಿದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ, ಬೆರಳಿನಲ್ಲಿ ಕೆಂಪು ಶಾಯಿ, ಮುಖದಲ್ಲೂ ಸ್ವಲ್ಪ ಕೆಂಪು.

"ನಿಮಗೆ ಯಾರು ಹೇಳಿದ್ರು?" ಅಂದಳು.

ಮೇಷ್ಟ್ರು ಮೀನಿನವಳ ಕಡೆ ನೋಡಲಿಲ್ಲ. ಮೀನಿನವಳು ಒಮ್ಮೆಗೇ ತಕ್ಕಡಿ ಒರೆಸತೊಡಗಿದ್ದಳು. "ಯಾರೂ ಹೇಳಿಲ್ಲ," ಅಂದರು. ಗುಟ್ಟೊಂದನ್ನು ಬಾಯಲ್ಲಿಟ್ಟುಕೊಂಡದ್ದು ಅವರ ಆಯುಷ್ಯದಲ್ಲಿ ಅದೇ ಮೊದಲು.

ಹೆಂಡತಿ ಅವರನ್ನೂ ಮೀನಿನ ರಾಶಿಯನ್ನೂ ಒಮ್ಮೆ ನೋಡಿದಳು. ಆಮೇಲೆ ಮೀನಿನವಳಿಗೆ ಹೇಳಿದಳು. "ಅರ್ಧ ಮುಳ್ಳಿಂದು, ಅರ್ಧ ಒಂಟಿಮುಳ್ಳಿಂದು ಹಾಕಮ್ಮ." ಮತ್ತೆ ಇವರ ಕಡೆ ತಿರುಗಿ, "ನೀವು ಲಾರೀಲಿ ಇದ್ದಾಗ ಘಟ್ಟದಲ್ಲಿ ಬ್ರೇಕ್ ಹೋಗಿತ್ತು ಅಂತಿದ್ರಲ್ಲ, ಮದುವೆ ಆದ ಹೊಸದರಲ್ಲಿ. ಆಮೇಲೆ ಏನಾಯ್ತು ಅಂತ ಹೇಳ್ಲೇ ಇಲ್ಲ. ನಡುವೆ ನಾನು ಲೋಟ ತಪ್ಪು ಕಡೆ ಇಟ್ಟೆ ಅಂತ ಅದರ ಪಾಠ ಶುರು ಮಾಡಿದ್ರಿ."

ಮೂರು ತಿಂಗಳ ಮೇಲೆ ರಕ್ತಪರೀಕ್ಷೆಗೆ ಮಗಳೇ ಸ್ನೇಹಿತೆಯ ಕಾರಿನಲ್ಲಿ ಕರೆದುಕೊಂಡು ಹೋದಳು. ಮೇಷ್ಟ್ರು ಹಿಂದಿನ ಸೀಟಿನಲ್ಲಿ ಕೂತು ಇಡೀ ದಾರಿ ಕಿಟಕಿಯಾಚೆ ನೋಡಿದರು. ಅವಳು ಮೂರನೇ ಗೇರನ್ನು ಸ್ವಲ್ಪ ತಡವಾಗಿ ಹಾಕುತ್ತಾಳೆ ಎಂಬುದನ್ನು ಇಂದಿಗೂ ಯಾರಿಗೂ ಹೇಳಿಲ್ಲ. ಕೊಬ್ಬು ಇಳಿದಿತ್ತು, ರಕ್ತದ ಒತ್ತಡ ಅದಕ್ಕಿಂತ ಹೆಚ್ಚು ಇಳಿದಿತ್ತು. ಡಾಕ್ಟರಮ್ಮ ಮಾತ್ರೆಯನ್ನೂ ನಡಿಗೆಯನ್ನೂ ಮೀನನ್ನೂ ಹೊಗಳಿದರು. ಮೀನಿನವಳು ಎರಡನೇ ಪ್ರಯತ್ನಕ್ಕೆ ಲೈಸೆನ್ಸ್ ಪಡೆದು ವ್ಯಾನ್ ಕೊಂಡಳು.

ಆದರೆ ಆ ಗುರುವಾರದ ಸಂಜೆ ಇವೆಲ್ಲ ಇನ್ನೂ ಆಗಿರಲಿಲ್ಲ. ಗಂಡ ಹೆಂಡತಿ ಮಾರ್ಕೆಟ್ಟಿನಿಂದ ಮನೆಯ ಕಡೆ ನಡೆದರು. ಮೀನಿನ ಚೀಲ ಅವಳ ಕೈಯಲ್ಲಿತ್ತು. ಅದರ ಮೂಲೆಯಿಂದ ನೀರು ತೊಟ್ಟಿಕ್ಕಿ ಮೇಷ್ಟ್ರ ಬಲಗಾಲಿನ ಬೂಟಿನ ಮೇಲೆ ಬೀಳುತ್ತಿತ್ತು. ಮೇಷ್ಟ್ರು ಚೀಲ ನೋಡಿದರು, ಬೂಟು ನೋಡಿದರು, ತುಟಿ ಬಿಗಿಹಿಡಿದು ನಡೆದರು. ಅಂಚೆ ಕಚೇರಿ ದಾಟಿತು. ಬೇಕರಿ ದಾಟಿತು.

"ಹೇಳಿಬಿಡಿ," ಅಂದಳು ಹೆಂಡತಿ. "ಒಳಗೇ ಇಟ್ಕೊಂಡ್ರೆ ಅದೂ ಹೃದಯಕ್ಕೆ ಒಳ್ಳೇದಲ್ಲ."

"ಚೀಲ ಸೋರ್ತಾ ಇದೆ."

"ಗೊತ್ತು," ಅಂದಳು ಅವಳು. ಚೀಲವನ್ನು ಅವರ ಕೈಗೆ ಕೊಟ್ಟು, ಕರಡಿನ ಕಟ್ಟನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಹಗುರವಾಗಿ ಮುಂದೆ ನಡೆದಳು. "ಹ್ಞಾಂ, ಘಟ್ಟದಲ್ಲಿ ಬ್ರೇಕ್ ಹೋಯ್ತು. ಆಮೇಲೆ?"